ಹಳೇಬೀಡಿನಿಂದ ಬೆಳವಾಡಿಗೆ, ಕಿವಿ ಖಾಲಿ ಬಿಟ್ಟುಕೊಂಡು

ಹಳೇಬೀಡಿನಿಂದ ಬೆಳವಾಡಿಗೆ ನಡೆದುಕೊಂಡು ಹೋಗ್ತೀನಿ ಅಂದಾಗ ಹಾಸನದ ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ: "ಹರಕೆ ಏನಾದ್ರೂ ಹೊತ್ಕೊಂಡಿದ್ಯೇನಪ್ಪಾ?" ನಮ್ಮ ಕಡೆ ನಡಿಗೆಗೊಂದು ಕಾರಣ ಬೇಕು. ಶಿವರಾತ್ರಿ ಹೊತ್ತಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರನ್ನು ಯಾರೂ ಏನೂ ಕೇಳುವುದಿಲ್ಲ. ಡಾಕ್ಟರು ಹೇಳಿದ್ದಾರೆ ಅಂದರೂ ಒಪ್ಪುತ್ತಾರೆ. ಹರಕೆಯೂ ಇಲ್ಲ, ಶುಗರೂ ಇಲ್ಲ ಅಂದಾಗಲೇ ಮನೆಯವರಿಗೆ ದಿಗಿಲು.

ಬೆಂಗಳೂರಿನಲ್ಲಿ ನಾನು ನಡೆಯುವುದೇ ಇಯರ್‌ಫೋನ್ ಸಿಕ್ಕಿಸಿಕೊಂಡು. ಯಾರದೋ ಸಂದರ್ಶನ, ಯಾರದೋ ವಿಶ್ಲೇಷಣೆ. ಮನೆ ಸೇರುವಷ್ಟರಲ್ಲಿ ಒಂದು ಅಭಿಪ್ರಾಯ ಸಿದ್ಧ. ಈ ಸಲ ಫೋನ್ ಆಫ್ ಮಾಡಿ ಚೀಲದ ತಳಕ್ಕೆ ಹಾಕಿದೆ. ಅದರ ಮೇಲೆ ನೀರಿನ ಬಾಟಲಿ, ಅತ್ತಿಗೆ ಕಟ್ಟಿಕೊಟ್ಟ ಅಕ್ಕಿರೊಟ್ಟಿ. ಹಿಂದಿನ ರಾತ್ರಿ ಅಣ್ಣನಿಗೂ ನನಗೂ ಸಣ್ಣ ಜಟಾಪಟಿ ಆಗಿತ್ತು. ಊರಿನ ಎರಡು ಎಕರೆಯನ್ನು ಶುಂಠಿಗೆ ಗುತ್ತಿಗೆ ಕೊಡುವ ಯೋಚನೆ ಅವನದು. ಶುಂಠಿ ಹಾಕಿದ ಭೂಮಿ ಸತ್ತಂತೆ ಅನ್ನುವುದು ನನ್ನ ವಾದ.

ಬೆಳಿಗ್ಗೆ ಬೇಗನೆ ಹೊಯ್ಸಳೇಶ್ವರ ದೇವಸ್ಥಾನದ ಜಗತಿ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆ, ಹತ್ತಿದೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಾಗಿದ್ದಾರೆ ಅನ್ನುತ್ತಾರೆ, ಆ ಹೊತ್ತಿಗೆ ಮಾತ್ರ ಯಾರೂ ಇರಲಿಲ್ಲ. ಗೋಡೆಯ ಬುಡದಲ್ಲಿ ಆನೆಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಶಾಲೆಯ ಪ್ರವಾಸದಲ್ಲಿ ಬಂದಾಗ ಮೇಷ್ಟ್ರು "ಬನ್ನಿ ಬನ್ನಿ" ಅಂತ ಎಳೆದುಕೊಂಡು ಹೋಗಿದ್ದರು. ಈಗ ಆನೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಒಂದರಂತೆ ಇನ್ನೊಂದಿಲ್ಲ. ಒಂದರ ಸೊಂಡಿಲು ಮುಂದಿನದರ ಬಾಲದ ಹತ್ತಿರ, ಇನ್ನೊಂದು ತಲೆ ತಗ್ಗಿಸಿದೆ, ಮತ್ತೊಂದಕ್ಕೆ ಏನೋ ಅವಸರ.

ಅಷ್ಟರಲ್ಲಿ ಒಂದು ಗುಂಪು ಬಂತು. ಒಳಗಿನ ಕಂಬ ತೋರಿಸಿ ಒಬ್ಬರು, "ಮೆಷಿನ್ ಇಲ್ದೆ ಇದು ಸಾಧ್ಯನೇ ಇಲ್ಲ, ವಿಡಿಯೋ ನೋಡಿದೀನಿ" ಅಂದರು. ಇನ್ನೊಬ್ಬರು ನಕ್ಕು, "ಎಲ್ಲಾ ಸುಳ್ಳು, ಬರೀ ಉಳಿ ಸುತ್ತಿಗೆ" ಅಂದರು. ಇಬ್ಬರೂ ಮುಂದೆ ಹೋದರು. ನಾನು ಕಂಬದ ಹತ್ತಿರ ಹೋಗಿ ಓರೆ ಬೆಳಕಿನಲ್ಲಿ ನೋಡಿದೆ. ಮೈಸುತ್ತ ಕೂದಲೆಳೆಯಂಥ ಗೆರೆಗಳು, ಉಂಗುರ ಉಂಗುರವಾಗಿ. ಕಲ್ಲನ್ನು ತಿರುಗಿಸುತ್ತಾ ಕಡೆದ ಗುರುತು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಕಡೆಯುವ ತಿರುಗಣೆ ಇತ್ತು, ಅದನ್ನು ತಿರುಗಿಸುವ ತೋಳುಗಳೂ ಇದ್ದವು. ವಿಡಿಯೋದವರ ಮಾಯದ ಯಂತ್ರವೂ ಅಲ್ಲ, ನಕ್ಕವರ ಬರೀ ಉಳಿಯೂ ಅಲ್ಲ. ಸುಮ್ಮನೆ ಐದು ನಿಮಿಷ ನಿಂತಿದ್ದರೆ ಇಬ್ಬರಿಗೂ ಕಾಣುತ್ತಿತ್ತು.

ಊರು ದಾಟಿ ಬೆಳವಾಡಿ ರಸ್ತೆ ಹಿಡಿದೆ. ಹತ್ತು ಹನ್ನೆರಡು ಕಿಲೋಮೀಟರ್ ದಾರಿ. ಮೊದಲ ಅರ್ಧ ಗಂಟೆ ಕೈ ತಾನಾಗಿ ಜೇಬು ತಡವುತ್ತಿತ್ತು. ತಲೆಯೊಳಗೆ ಸಂತೆ. ವಿಚಿತ್ರವೆಂದರೆ ಬರುವ ಯೋಚನೆಗಳೆಲ್ಲ ಬೇರೆಯವರ ದನಿಯಲ್ಲಿ ಬರುತ್ತಿದ್ದವು: ಒಂದು ಟಿವಿ ನಿರೂಪಕರ ಗಂಟಲಲ್ಲಿ, ಒಂದು ಆಫೀಸಿನ ಹಿರಿಯರೊಬ್ಬರ ಗಂಟಲಲ್ಲಿ. ಆಮೇಲೆ ಅವೂ ಸುಸ್ತಾದವು. ಕೊಯ್ದ ರಾಗಿ ಹೊಲದ ಕೂಳೆ, ಬೇಲಿ ಪಕ್ಕದ ಅವರೆಯ ಸೊಗಡು, ರಸ್ತೆ ಮೇಲೆ ಒಣಗಲು ಹರಡಿದ ಮುಸುಕಿನ ಜೋಳ. ಬೈಕಿನವರು ನಿಲ್ಲಿಸಿ "ಹತ್ಕಳಿ ಸಾ" ಅನ್ನುವುದು, ಬೇಡ ಅಂದರೆ ಅನುಮಾನದಿಂದ ಹಿಂದೆ ತಿರುಗಿ ನೋಡುವುದು. ಡಿಸೆಂಬರ್ ಬಿಸಿಲಾದ್ದರಿಂದ ಬೆನ್ನಿಗೆ ಹಿತವಾಗಿಯೇ ಇತ್ತು.

ರಸ್ತೆ ಬದಿಯಲ್ಲೇ ಒಬ್ಬ ಹಿರಿಯರು ಶುಂಠಿ ಕೀಳಿಸುತ್ತಿದ್ದರು. ನಿಂತೆ. ಫೋನಿದ್ದಿದ್ದರೆ ನಿಲ್ಲುತ್ತಿದ್ದೆನೋ ಇಲ್ಲವೋ. ನೀರು ಕೇಳಿದೆ, ಮಾತು ಶುರುವಾಯಿತು. ಶುಂಠಿ ಭೂಮಿಯನ್ನು ಹಾಳು ಮಾಡುತ್ತದಲ್ಲವೇ ಅಂತ ನೇರವಾಗಿಯೇ ಕೇಳಿದೆ.

"ಯಾರಂದ್ರು?" ಅಂದರು.

ಉತ್ತರ ಹೊಳೆಯಲಿಲ್ಲ. ನಿಜಕ್ಕೂ ಯಾರಂದರು?

ಅವರೇ ಮುಂದುವರಿಸಿದರು. "ಮೊದ್ಲು ಆಲೂಗಡ್ಡೆ ಹಾಕ್ತಿದ್ವಿ. ಪಂಜಾಬಿಂದ ಬಂದ ಬೀಜ. ಅಂಗಮಾರಿ ಬಿದ್ರೆ ವಾರದಲ್ಲಿ ಹೊಲವೇ ಸುಟ್ಟಂಗೆ ಆಗ್ತಿತ್ತು. ಔಷಧಿ ಹೊಡ್ದು ಹೊಡ್ದು ಸಾಕಾಯ್ತು. ಶುಂಠಿಗೆ ಹಾಕಿದ ಗೊಬ್ಬರ ಉಳ್ಕಂಡಿರ್ತದೆ, ಮುಂದಿನ ಸಲ ರಾಗಿ ಚೆನ್ನಾಗೇ ಬತ್ತದೆ. ಆದ್ರೆ ಅದೇ ಜಾಗಕ್ಕೆ ಮತ್ತೆ ಶುಂಠಿ ಇಡ್ಬಾರ್ದು." ಒಂದು ಬುಡ ಎತ್ತಿ ಮಣ್ಣು ಕೊಡವಿ ತೋರಿಸಿದರು. ಒಂದು ಕಡೆ ತೆಳು ಸಿಪ್ಪೆಯ ಬೆರಳುಗಳು, ಮುರಿದರೆ ಖಾರದ ಘಮ. ಇನ್ನೊಂದು ಕಡೆ ಒತ್ತಿದರೆ ಕಂದು ನೀರು ಬಿಡುವ ಕೊಳೆ. ನಾತ ಮೂಗಿಗೆ ಹೊಡೆಯಿತು. "ಈ ಕೊಳೆ ಮಣ್ಣಲ್ಲೇ ಇರ್ತದೆ. ಗುತ್ತಿಗೆ ಮಾಡೋನು ಮುಂದಿನ ವರ್ಸ ಬೇರೆ ಊರಿಗೆ ಹೋಯ್ತಾನೆ. ನಾವು ಎಲ್ಲಿಗೆ ಹೋಗದು?"

ಅಲ್ಲಿಂದ ಬೆಳವಾಡಿಯವರೆಗೂ ಆ ಕೊನೆಯ ಮಾತೇ ಜೊತೆಗಿತ್ತು. ಅವರು ನನ್ನ ವಾದವನ್ನು ಪೂರ್ತಿ ತೆಗೆದು ಹಾಕಿರಲಿಲ್ಲ, ಅಣ್ಣನ ವಾದವನ್ನೂ ಪೂರ್ತಿ ಎತ್ತಿ ಹಿಡಿದಿರಲಿಲ್ಲ. ಯಾರ ಪರ ಅಂತ ತೀರ್ಮಾನಿಸುವ ಆತುರವೂ ನನಗೆ ಇರಲಿಲ್ಲ. ಚರ್ಚೆಯ ವಿಡಿಯೋ ಕೇಳುವಾಗ ಇಂಥ ಬಿಡುವು ಸಿಗುವುದಿಲ್ಲ, ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಾರೆ.

ಬೆಳವಾಡಿ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು. ಇದೇ ಏಕಚಕ್ರನಗರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅನ್ನುವುದು ಊರಿನವರ ನಂಬಿಕೆ. ಹೊಯ್ಸಳ ದೊರೆ ವೀರಬಲ್ಲಾಳನ ಕಾಲದ ವೀರನಾರಾಯಣ ದೇವಸ್ಥಾನ ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳದ್ದು: ನಾರಾಯಣ, ವೇಣುಗೋಪಾಲ, ಯೋಗಾನರಸಿಂಹ. ಬಾಗಿಲಲ್ಲಿ ಎರಡು ಕಲ್ಲಾನೆ. ಹೊರಗೋಡೆಯಲ್ಲಿ ಹಳೇಬೀಡಿನ ದಟ್ಟಣೆಯಿಲ್ಲ, ಮಂಟಪದ ಕಂಬಗಳಿಗೆ ಮಾತ್ರ ಅದೇ ನುಣುಪು. ವೇಣುಗೋಪಾಲನ ಚೆಲುವನ್ನು ಎಲ್ಲರೂ ಹೊಗಳುತ್ತಾರೆ; ನನಗೆ ಹಿಡಿಸಿದ್ದು ಮಂಟಪದ ಕಲ್ಲಾಸನ. ಅಲ್ಲಿ ಕೂತು ರೊಟ್ಟಿ ಬಿಚ್ಚಲು ಹೋದೆ. ಅರ್ಚಕರು, "ಇಲ್ಲಿ ಬೇಡಿ, ಹೊರಗೆ ಮರದ ಕೆಳಗೆ ತಿನ್ನಿ" ಅಂದರು. ಸರಿಯಾದ ಮಾತೇ.

ಬಸ್ಸಿನಲ್ಲಿ ಹಾಸನಕ್ಕೆ ವಾಪಸಾಗಿ, ಊಟದ ಹೊತ್ತಿಗೆ ಅಣ್ಣನನ್ನು ಕೇಳಿದೆ: "ಗುತ್ತಿಗೆ ಎಷ್ಟು ವರ್ಷಕ್ಕೆ? ಅವರು ಬಿಟ್ಟು ಹೋದ ಮೇಲೆ ಮೊದಲ ಬೆಳೆ ಏನು ಹಾಕ್ತೀಯ? ಕೊಳೆ ಬಂದ್ರೆ ಮುಂದೇನು ಅಂತ ಕರಾರಲ್ಲಿ ಬರೆದಿದ್ಯಾ?"

ಅಣ್ಣ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ನಿನ್ನೆ ಕೊಡಲೇಬೇಡ ಅಂತ ಕೂಗಾಡ್ತಿದ್ದೆ."

"ಇವತ್ತೂ ಕೊಡು ಅಂತ ಹೇಳ್ತಿಲ್ಲ."

"ಮತ್ತೆ?"

"ಕೇಳ್ತಿದೀನಿ."

ಕರಾರು ಪತ್ರ ಇನ್ನೂ ಬರೆಸಿರಲಿಲ್ಲ. ಭಾನುವಾರ ಇಬ್ಬರೂ ಊರಿಗೆ ಹೋಗಿ ಹೊಲ ಸುತ್ತಿ ನೋಡುವುದೆಂದಾಯಿತು. ಬಸ್‌ಸ್ಟಾಪಿನಿಂದ ಹೊಲಕ್ಕೆ ಎರಡು ಮೈಲಿ ನಡೆದೇ ಹೋಗೋಣ ಅಂದೆ. ಅದಕ್ಕೆ ಮಾತ್ರ ಅವನು ಒಪ್ಪಲಿಲ್ಲ.