ಹುತ್ತರಿ ರಾತ್ರಿ, ಕಕ್ಕಬ್ಬೆಯ ಗದ್ದೆಯಲ್ಲಿ

ಕೊಡಗಿನ ವಿರಾಜಪೇಟೆ ದಾಟಿ ಕಕ್ಕಬ್ಬೆ ಕಡೆ ಹೋಗುವಾಗ ಎರಡೂ ಬದಿಗೆ ಕಾಫಿ ತೋಟ. ತೋಟ ಮುಗಿದಲ್ಲಿ ಥಟ್ಟನೆ ಗದ್ದೆ ಬಯಲು, ಮಾಗಿದ ಭತ್ತ. ಗೆಳೆಯನ ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ಕೊಡವರ ಸುಗ್ಗಿ ಹಬ್ಬ ಹುತ್ತರಿಗೆಂದು ಹೊರಟಿದ್ದೆವು.

ಮೊದಲು ಪಾಡಿ ಇಗ್ಗುತ್ತಪ್ಪನ ದರ್ಶನ. ಮಳೆ, ಬೆಳೆ ಕೊಡುವವನು ಇವನೇ ಅಂತ ಕೊಡವರು ನಂಬುತ್ತಾರೆ. ಹುತ್ತರಿಯ ಮುಹೂರ್ತ ನಿಶ್ಚಯ ಆಗುವುದೂ ಇಲ್ಲೇ. ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುವ ಹುಣ್ಣಿಮೆಯ ಆಸುಪಾಸು. ನೆರೆ (ಎಲೆಗಳ ಕಟ್ಟು) ಕಟ್ಟಲು ಒಂದು ಹೊತ್ತು, ಕದಿರು (ಭತ್ತದ ತೆನೆ) ತೆಗೆಯಲು ಒಂದು ಹೊತ್ತು, ಊಟಕ್ಕೆ ಇನ್ನೊಂದು.

ರಾತ್ರಿ ನಡುಮನೆಯ ತೂಗುದೀಪದ ಕೆಳಗೆ ಎಲ್ಲರೂ ಸೇರಿದರು. ಅಶ್ವತ್ಥ, ಮಾವು ಸೇರಿ ಐದು ಮರಗಳ ಎಲೆ ಜೋಡಿಸಿ, ನಾರಿನಿಂದ ಸುತ್ತಿ ನೆರೆ ಕಟ್ಟಿದರು. ಆಮೇಲೆ ದೀಪ ಹಿಡಿದು ಗದ್ದೆಗೆ. ಗಂಡಸರು ಕುಪ್ಯ ಅನ್ನುವ ಉದ್ದ ಕೋಟು ತೊಟ್ಟು, ಸೊಂಟಕ್ಕೆ ಚೇಲೆ ಅನ್ನುವ ಪಟ್ಟಿ ಬಿಗಿದಿದ್ದರು, ಹೆಂಗಸರ ಸೀರೆಯ ನೆರಿಗೆ ಬೆನ್ನಿನ ಕಡೆ. ಬದುವಿನ ಮೇಲೆ ಮಂಜು, ಕಾಲು ಜಾರುತ್ತಿತ್ತು. ಕೋವಿ ಆಕಾಶಕ್ಕೆ ಸಿಡಿಯಿತು. ಗೆಳೆಯನ ದೊಡ್ಡಪ್ಪ ಬಗ್ಗಿ ಕದಿರು ಕೊಯ್ದರು. ಬೆಸ ಸಂಖ್ಯೆಯಲ್ಲೇ ಕೊಯ್ಯಬೇಕಂತೆ. ‘ಪೊಲಿ ಪೊಲಿ ದೇವಾ!’ ಅಂತ ಎಲ್ಲರೂ ಕೂಗಿದರು. ಬೆಳೆ ಹೆಚ್ಚಲಿ ದೇವಾ ಅನ್ನುವ ಬೇಡಿಕೆ ಅದು. ಪಕ್ಕದ ಗದ್ದೆಗಳಿಂದಲೂ ಅದೇ ಕೂಗು, ಅದೇ ಕೋವಿಯ ಸದ್ದು.

ಮನೆಗೆ ಬಂದ ಮೇಲೆ ಕದಿರನ್ನು ನೆರೆಯ ಎಲೆ ಜೊತೆ ಬಾಗಿಲು, ಕಂಬ, ಕಣಜ, ತೂಗುದೀಪಕ್ಕೆ ಕಟ್ಟಿದರು. ಹೊಸ ಭತ್ತದ ನಾಲ್ಕು ಕಾಳು ಪಾಯಸಕ್ಕೆ ಬಿತ್ತು. ಈ ಹಬ್ಬಕ್ಕೆ ಮಂಟಪ, ಮೂರ್ತಿ ಏನೂ ಬೇಡ. ಕದಿರೇ ಮನೆಯೊಳಗೆ ಬರುವ ದೇವರು. ನನಗೆ ಜಾಸ್ತಿ ಹಿಡಿಸಿದ್ದೂ ಇದೇ. ಹಿರಿಯರ ಕಾಲಿಗೆ ಬಿದ್ದು, ತಂಬುಟ್ಟು ತಿಂದೆವು: ಹುರಿದ ಅಕ್ಕಿಹಿಟ್ಟು, ಮಾಗಿದ ಬಾಳೆಹಣ್ಣು, ಮೇಲೆ ತುಪ್ಪ, ಕಾಯಿತುರಿ, ಎಳ್ಳು. ನೇರಳೆ ಬಣ್ಣದ ಹುತ್ತರಿ ಗೆಣಸಿಗೆ ಜೇನು.

ಭತ್ತ ಬಿಟ್ಟು ಗದ್ದೆ ಬೀಳು ಬಿಟ್ಟವರೂ ಇದ್ದಾರೆ. ‘ಕಾಫಿ ಇದ್ರೂ ಕದಿರು ತೆಗೆಯೋಕೆ ಒಂದು ಗದ್ದೆ ಬೇಕಲ್ವಾ?’ ಅಂದರು ದೊಡ್ಡಪ್ಪ. ಅವರು ಅಷ್ಟು ಗದ್ದೆ ಇನ್ನೂ ಉಳಿಸಿಕೊಂಡಿದ್ದಾರೆ, ಅದಕ್ಕೇ ಬೆಂಗಳೂರಿನ ಮಕ್ಕಳೆಲ್ಲ ಆ ರಾತ್ರಿ ಅಲ್ಲಿದ್ದರು. ಮರುದಿನ ಊರಿನವರು ಸೇರುವ ಬಯಲು ಮಂದ್‌ನಲ್ಲಿ ದುಡಿ ಬಡಿತಕ್ಕೆ ಕೋಲಾಟ. ಆಫೀಸಿಗೆ ರಜೆ ಹಾಕಿ ಬಂದ ಹುಡುಗರು ಅಜ್ಜಂದಿರ ಪಕ್ಕ ನಿಂತು ಕೋಲು ಹೊಡೆದರು, ಹೆಜ್ಜೆ ತಪ್ಪಿದಾಗ ಅಜ್ಜಂದಿರು ಮತ್ತೆ ಮೊದಲಿಂದ ಹೇಳಿಕೊಟ್ಟರು.