ಸೊಂಟನೋವಿಗೆ ಬೆಳಗಿನ ಹೊತ್ತೇ ಕಷ್ಟ ಯಾಕೆ?

ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಎದ್ದ ಕೂಡಲೇ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಹಾಗಾಗಿ ಮೊದಲ ಒಂದು ಗಂಟೆ ಬಗ್ಗಿ ರಂಗೋಲಿ ಹಾಕುವುದು, ತುಂಬಿದ ಬಕೆಟ್ ಎತ್ತುವುದು ಬೇಡ. ಹಾಸಿಗೆಯಿಂದಲೂ ನೆಟ್ಟಗೆ ಏಳಬೇಡಿ: ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸುತ್ತಲೇ ಕೈಯೂರಿ ಏಳಿ.

ಗ್ಯಾಸ್ ಸಿಲಿಂಡರ್ ಅಂತೂ ಮುಟ್ಟಲೇಬೇಡಿ. ಅನಿಲವೇ 14.2 ಕೆಜಿ, ಲೋಹದ ತೂಕವೂ ಸೇರಿದರೆ ಸುಮಾರು 30. ಚಕ್ರದ ಸ್ಟ್ಯಾಂಡ್ ಮೇಲೆ ಬೇರೆಯವರಿಂದ ಇಡಿಸಿಕೊಳ್ಳಿ.

ನೋವೆಂದು ವಾರಗಟ್ಟಲೆ ಮಲಗಿದರೆ ಸ್ನಾಯುಗಳು ಸೊರಗಿ ನೋವು ಬೇರೂರುತ್ತದೆ. ನೋವು ತಾಳುವಷ್ಟು ನಡೆದಾಡಿ, ಸೊಂಟಕ್ಕೆ ಕಟ್ಟುವ ಬೆಲ್ಟ್‌ಗಿಂತ ಅದೇ ಮೇಲು. ಆದರೆ ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕಾಲು ಸೋತರೆ, ಎಣ್ಣೆ ತಿಕ್ಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.