23 ಜೂನ್ 2024, ಭಾನುವಾರ: ಅಪ್ಪಯ್ಯ, ಪುಟ್ಟಿ, ಕೈಗಾ

ನನ್ನ ಮಗಳು ಪುಟ್ಟಿ ಇವತ್ತು ಅಪ್ಪಯ್ಯನ ಎದುರೇ ಕೂತು ಕೈಗಾ ಅಣುಸ್ಥಾವರದ ಪರ ಮಾತಾಡಿದಳು. ನಮ್ಮ ಮನೆಯ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

ಶುರುವಾದದ್ದು ಪುಸ್ತಕದ ಕಪಾಟಿನಿಂದ. ಆರಿದ್ರೆ ಮಳೆ ಹಿಡಿದ ಮೇಲೆ ಶಿರಸಿಯಲ್ಲಿ ಯಾವ ಪುಸ್ತಕವೂ ನೆಟ್ಟಗಿರುವುದಿಲ್ಲ. ರಟ್ಟಿನ ಮೇಲೆ ಬೂಷ್ಟು, ಬಿಡಿಸಿದರೆ ಮುಗ್ಗುವಾಸನೆ. ರಜೆಗೆ ಬಂದವಳ ಕೈಗೆ ಒಣಬಟ್ಟೆ ಕೊಟ್ಟು ಕೂರಿಸಿದ್ದೆ. ಮೇಲಿನ ಸಾಲು ಮುಗಿಯುವಷ್ಟರಲ್ಲಿ ಕಾರಂತರ ‘ವಿಜ್ಞಾನ ಪ್ರಪಂಚ’ ಸಿಕ್ಕಿತು, ಒರೆಸುವ ಕೆಲಸ ಅಲ್ಲಿಗೇ ನಿಂತಿತು. ನಾಲ್ಕು ಸಂಪುಟ. ಒಂದರ ಬೆನ್ನಿನ ಬಟ್ಟೆ ಕಿತ್ತು ಹೊಲಿಗೆಯ ದಾರ ಕಾಣುತ್ತದೆ. ಅಂಚಿನಲ್ಲೆಲ್ಲ ಅಪ್ಪಯ್ಯನ ಪೆನ್ಸಿಲ್ ಗೆರೆ, ಒಂದು ಹಾಳೆಯ ಮೇಲೆ ಅವರ ಕವಳದ ಕೆಂಪು. ಧಾರವಾಡದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮಾಡುತ್ತಿರುವ ಹುಡುಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕನ್ನಡದಲ್ಲಿ ವಿಜ್ಞಾನ ಓದುತ್ತಿದ್ದಳು. ನನಗೆ ಎದೆ ತುಂಬಿ ಬಂತು. ಅಸಹಕಾರ ಚಳವಳಿಗೆಂದು ಕಾಲೇಜು ಬಿಟ್ಟ ಒಬ್ಬರು ತಾವೇ ಓದಿ, ತಾವೇ ತಿಳಿದು, ನಮ್ಮಂಥವರ ಮನೆಯ ಕಪಾಟಿಗೆ ಇಷ್ಟನ್ನು ಬರೆದಿಟ್ಟು ಹೋದರಲ್ಲ!

ಊಟಕ್ಕೆ ಕೂತಾಗ ಅವಳ ಪ್ರಶ್ನೆ ಬಂತು. ವಿಜ್ಞಾನವನ್ನು ಇಷ್ಟು ಪ್ರೀತಿಯಿಂದ ಬರೆದವರು ಕೈಗಾ ಬೇಡ ಅಂತ ಯಾಕೆ ನಿಂತರು ಅಜ್ಜ?

“ವಿಜ್ಞಾನ ಗೊತ್ತಿದ್ದಕ್ಕೇ ಬೇಡ ಹೇಳಿದ್ದು ಕೂಸೆ” ಅಂದರು ಅಪ್ಪಯ್ಯ. ತಟ್ಟೆಯಿಂದ ತಲೆ ಎತ್ತಲಿಲ್ಲ.

1989ರಲ್ಲಿ ಕಾರಂತರು ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತಾಗ ಅವರಿಗೆ 87 ವರ್ಷ. ಅಣುಸ್ಥಾವರ ಬೇಡ, ಕಾಡು ಉಳಿಯಲಿ ಎಂಬುದೇ ಅವರ ಪ್ರಚಾರ. ಅಪ್ಪಯ್ಯ ಅಡಿಕೆ ಕೊಯ್ಲನ್ನು ಚಿಕ್ಕಪ್ಪನಿಗೆ ಬಿಟ್ಟು ಕರಪತ್ರ ಹಿಡಿದು ಹಳ್ಳಿ ಹಳ್ಳಿ ತಿರುಗಿದ್ದರು. ಕಾರಂತರು ಸೋತರು. ತುರ್ತುಪರಿಸ್ಥಿತಿಗೆ ಎದುರಾಗಿ ಪದ್ಮಭೂಷಣವನ್ನೇ ತಿರುಗಿಸಿದ ಮನುಷ್ಯನಿಗೆ ಸೋಲು ಏನು ಮಾಡೀತು ಅಂತ ಅಪ್ಪಯ್ಯ ಈಗಲೂ ಹೇಳುತ್ತಾರೆ. ಆದರೆ ಆ ಸೋಲು ಅಪ್ಪಯ್ಯನಿಗೆ ನೋವು ಮಾಡಿತ್ತು. ಆಯಿ ಬದುಕಿದ್ದಿದ್ದರೆ ಅದನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದಳು.

ಪುಟ್ಟಿ ಬಿಡಲಿಲ್ಲ. ಕೈಗಾದ ಒಂದನೇ ಘಟಕ 962 ದಿನ ಒಂದೇ ಸಮ ಓಡಿ 2018ರ ಕೊನೆಯ ದಿನ ನಿಂತಿತು, ಆಗ ಅದು ವಿಶ್ವದಾಖಲೆ ಅಂದಳು. ಅಷ್ಟು ದಿನ ನಿಲ್ಲಿಸದೆ ಓಡಿಸಿದ್ದು ಹೇಗೆ ಎಂದು ನಮ್ಮ ಯಜಮಾನರು ಕೇಳಿದರು. ಅವಳು ತಟ್ಟೆ ಸರಿಸಿ, ಬೆರಳಲ್ಲಿ ಮೇಜಿನ ಮೇಲೆ ಗೆರೆ ಎಳೆದು ತೋರಿಸಿದಳು. ಅಡ್ಡ ಮಲಗಿಸಿದ 306 ಕೊಳವೆ, ಒಂದೊಂದರಲ್ಲೂ ಯುರೇನಿಯಂ ಕಟ್ಟುಗಳ ಸಾಲು, ಸುತ್ತ ನ್ಯೂಟ್ರಾನುಗಳ ವೇಗ ತಗ್ಗಿಸಲು ಭಾರಜಲ. ಎರಡೂ ತುದಿಗೆ ಯಂತ್ರ ಹೊಂದಿಸಿ ಈ ಕಡೆಯಿಂದ ಹೊಸ ಕಟ್ಟು ನೂಕಿದರೆ ಆ ಕಡೆಯಿಂದ ಸುಟ್ಟ ಕಟ್ಟು ಹೊರಗೆ ಬರುತ್ತದೆ. ಸ್ಥಾವರ ನಿಲ್ಲಿಸುವ ಪ್ರಮೇಯವೇ ಇಲ್ಲ.

“ಪೆಟ್ಲಂಡೆ ಹಾಂಗೆ” ಅಂದರು ಅಪ್ಪಯ್ಯ. ಈ ತುದಿಯಿಂದ ಕಾಯಿ ನೂಕಿದರೆ ಆ ತುದಿಯ ಕಾಯಿ ಹಾರುವ, ಮಕ್ಕಳ ಬಿದಿರಿನ ಆಟದ ಕೋವಿ ಅದು.

ಹೌದು ಅಜ್ಜ, ಹಾಗೇ! ಇಬ್ಬರೂ ನಕ್ಕರು. ನನಗೂ ಜೀವ ಬಂದಂತಾಯಿತು.

ಆಮೇಲೆ ಅಪ್ಪಯ್ಯ ಕೈ ತೊಳೆದು ಬಂದು 1994ರ ಮಾತು ತೆಗೆದರು. ಮೇ 13. ಇದೇ ಒಂದನೇ ಘಟಕ ಕಟ್ಟುತ್ತಿದ್ದಾಗ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಪುಣ್ಯಕ್ಕೆ ಇಂಧನ ತುಂಬಿರಲಿಲ್ಲ. ಪುಟ್ಟಿ ಫೋನಿನಲ್ಲಿ ಹುಡುಕಿ ನೋಡಿ ಒಂದು ಕ್ಷಣ ಸುಮ್ಮನಾದಳು: ಆ 962 ದಿನಗಳ ಓಟ ಶುರುವಾದದ್ದೂ ಮೇ 13ಕ್ಕೆ, 2016ರಲ್ಲಿ. ಬರೀ ಕಾಕತಾಳೀಯ, ಅದಕ್ಕೆ ಅರ್ಥ ಹಚ್ಚುವುದು ಬೇಡ. ಆದರೆ ಬಿದ್ದ ಗುಮ್ಮಟವನ್ನೂ ದಾಖಲೆಯ ಓಟವನ್ನೂ ಕಂಡದ್ದು ಒಂದೇ ಕಟ್ಟಡ ಎನ್ನುವುದು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ.

“ಬಿದ್ದ ಮೇಲೆ ವಿನ್ಯಾಸ ಬದಲಿಸಿ ಕಟ್ಟಿದ್ದಾರೆ ಅಜ್ಜ.”

“ಬೀಳದೇ ಹೋಗಿದ್ದರೆ ಬದಲಿಸ್ತಿದ್ರಾ?”

ಇದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಆದರೆ ಅವಳು ಕೇಳಿದ ಇನ್ನೊಂದಕ್ಕೆ ಅಪ್ಪಯ್ಯನೂ ಉತ್ತರ ಕೊಡಲಿಲ್ಲ. ಕೈಗಾದ ನಾಲ್ಕೂ ಘಟಕ ಸೇರಿ 880 ಮೆಗಾವ್ಯಾಟ್. ಅದು ಬೇಡವಾದರೆ ರಾಯಚೂರಿನ ಶಕ್ತಿನಗರದಂಥ ಕಡೆ ಅಷ್ಟೂ ಕಲ್ಲಿದ್ದಲು ಸುಡಬೇಕು. ಅಲ್ಲಿಯವರ ಅಂಗಳಕ್ಕೆ ಬೀಳುವ ಹಾರುಬೂದಿ ನಮ್ಮ ಕಾಡಿನಷ್ಟೇ ನಮಗೆ ಸಂಬಂಧಪಟ್ಟದ್ದಲ್ಲವೇ? ಹುಡುಗಿ ಸರಿಯಾಗಿಯೇ ಕೇಳಿದಳು. ನಮ್ಮ ಘಟ್ಟ, ನಮ್ಮ ನದಿ ಎಂದು ಬೆಳೆದ ನಾನು ಶಕ್ತಿನಗರದ ಕಡೆಯಿಂದ ಎಂದೂ ಈ ಲೆಕ್ಕ ಹಾಕಿ ನೋಡಿದವಳಲ್ಲ.

ಈ ನಡುವೆ ಪಕ್ಕದ ಮನೆಯ ಹುಡುಗ ಬಂದ. ಇವತ್ತು ಡಾಕ್ಟರುಗಳ ನೀಟ್ ಪಿಜಿ ಪರೀಕ್ಷೆ ಬರೆಯಬೇಕಿತ್ತು ಅವನು. ಪರೀಕ್ಷೆಗೆಂದು ಹುಬ್ಬಳ್ಳಿಗೆ ಹೋಗಿ ರೂಮು ಮಾಡಿದ್ದ. ನಿನ್ನೆ ರಾತ್ರಿ ಮುಂದೂಡಿದ್ದೇವೆ ಅಂತ ಸುದ್ದಿ ಬಂತಂತೆ. ಪರೀಕ್ಷೆಗೆ ರಾತ್ರಿ ಒಂದೇ ಬಾಕಿ ಇರುವಾಗ! ವರ್ಷವಿಡೀ ನೈಟ್ ಡ್ಯೂಟಿಯ ನಡುವೆ ಓದಿದ ಮಗ. ಅವನ ಮುಖ ನೋಡಲಾಗಲಿಲ್ಲ. ಚಹಾ ಕೊಟ್ಟೆ, ಕುಡಿಯದೆ ಎದ್ದು ಹೋದ. ದೆಹಲಿಯಲ್ಲಿ ಕೂತವರು ಎಲ್ಲ ಸರಿಯಿದೆ, ನಂಬಿ ಅನ್ನುತ್ತಾರೆ. ಯಾವುದನ್ನು ನಂಬಬೇಕು?

ಅಪ್ಪಯ್ಯ ಹೇಳುವುದೂ ಇದನ್ನೇ ಅಂತ ನನಗೆ ಆಗ ಹೊಳೆಯಿತು. ಅವರ ಜಗಳ ನ್ಯೂಟ್ರಾನಿನ ಜೊತೆ ಅಲ್ಲ. ಸೂಪಾ ಅಣೆಕಟ್ಟಿಗೆ ಸೂಪಾ ಊರೇ ಮುಳುಗಿತು, ಜನರನ್ನು ರಾಮನಗರಕ್ಕೆ ಸಾಗಿಸಿದರು. ಎಲ್ಲ ವ್ಯವಸ್ಥೆ ಇದೆ ಅಂತ ಆಗಲೂ ಹೇಳಿದ್ದರು. ಅದೇ ಕಾಳಿನದಿಯ ದಂಡೆಗೆ ಬಂದು ಕೈಗಾದಲ್ಲೂ ಅದನ್ನೇ ಹೇಳಿದರು. 2009ರಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಟಿಯಂ ಸೇರಿತ್ತಲ್ಲ, ಅದಕ್ಕೆ ಯಾವ ಯಂತ್ರವೂ ಕಾರಣವಲ್ಲ, ಮನುಷ್ಯರ ಕೈವಾಡ. ಪುಟ್ಟಿ ಯಂತ್ರವನ್ನು ನಂಬುತ್ತಾಳೆ, ಅದು ಕೆಲಸ ಮಾಡುವ ಬಗೆ ಅವಳಿಗೆ ಗೊತ್ತು. ಅಪ್ಪಯ್ಯನಿಗೆ ನಂಬಿಕೆ ಇಲ್ಲದ್ದು ಅದನ್ನು ನಡೆಸುವವರ ಮಾತಿನಲ್ಲಿ. ಇಬ್ಬರೂ ಓದಿದ್ದು ಅದೇ ನಾಲ್ಕು ಸಂಪುಟ.

ಕೈಗಾದಿಂದ ಮೊದಲ ಕರೆಂಟು ಬರುವ ಮೊದಲೇ, 1997ರ ಡಿಸೆಂಬರಿನಲ್ಲಿ ಕಾರಂತರು ತೀರಿಕೊಂಡರು. ಪುಟ್ಟಿಯಂಥವಳು ಎದುರು ಕೂತು ವಾದಿಸಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತೋ ಖುಷಿಯಾಗುತ್ತಿತ್ತೋ. ಖುಷಿಯೇ ಆಗುತ್ತಿತ್ತು ಅಂತ ನನ್ನ ನಂಬಿಕೆ. ಪ್ರಶ್ನೆ ಕೇಳದವರಿಗಾಗಿ ಯಾರೂ ಅಷ್ಟು ಪುಟ ವಿಜ್ಞಾನ ಬರೆಯುವುದಿಲ್ಲ.

ಸಂಜೆ ಅಪ್ಪಯ್ಯನೇ ಮತ್ತೆ ಅವಳನ್ನು ಕರೆದು ಕೇಳಿದರು, ಆ ಸುಟ್ಟ ಕಟ್ಟುಗಳು ಎಲ್ಲಿಗೆ ಹೋಗುತ್ತವೆ? ಮೊದಲು ನೀರಿನ ಕೊಳದಲ್ಲಿ ಇಡುತ್ತಾರೆ, ತಣಿದ ಮೇಲೆ ಮುಂದಿನದು ಅಂದಳು. ಅದರಲ್ಲಿರುವ ಪ್ಲುಟೋನಿಯಂ ಅರ್ಧಕ್ಕೆ ಇಳಿಯಲಿಕ್ಕೇ ಸುಮಾರು 24,000 ವರ್ಷ ಬೇಕು ಅನ್ನುವುದನ್ನೂ ಮುಚ್ಚಿಡದೆ ಹೇಳಿದಳು. ಆ ಹೊತ್ತಿನಲ್ಲಿ ನನ್ನ ಮಗಳ ಮೇಲೆ ನನಗೆ ತುಂಬ ಹೆಮ್ಮೆ ಅನ್ನಿಸಿತು. ತನ್ನ ವಾದಕ್ಕೆ ಪೆಟ್ಟು ಬೀಳುತ್ತದೆಂದು ಗೊತ್ತಿದ್ದೂ ಹೇಳಿದಳು.

ಕೈಗಾಕ್ಕೆ ಇನ್ನೂ ಎರಡು ಘಟಕ ಬರುತ್ತವೆ, ಒಂದೊಂದೂ 700 ಮೆಗಾವ್ಯಾಟ್. ಇಲ್ಲಿ ನಮ್ಮ ಕಡೆ ಬೇಡ್ತಿ-ವರದಾ ನದಿ ಜೋಡಣೆಯ ಮಾತು ಮತ್ತೆ ಎದ್ದಿದೆ. ಬೇಡ್ತಿಯ ಹಳೆಯ ವಿದ್ಯುತ್ ಯೋಜನೆಯನ್ನು ನಮ್ಮವರು ಲೆಕ್ಕಪತ್ರ ಮುಂದಿಟ್ಟುಕೊಂಡು ಎದುರಿಸಿದ್ದರು, ಬರೀ ಘೋಷಣೆಯಿಂದಲ್ಲ. ಅದು ಕೈಬಿಟ್ಟೂ ಹೋಯಿತು. ಈಗ ಆ ಥರ ಕೂತು ಲೆಕ್ಕ ಹಾಕುವವರು ಬೇಕು. ಪುಟ್ಟಿಗೆ ಬರುತ್ತದೆ, ಅವಳ ಜೊತೆ ಓದುವವರಿಗೂ ಬರುತ್ತದೆ. ನಾಳೆ ಬಸ್ಸು ಹತ್ತಿಸುವಾಗ ಕೇಳಬೇಕು, ಪ್ರಾಜೆಕ್ಟಿಗೆ ಬೇಡ್ತಿಯ ನೀರಿನ ಲೆಕ್ಕವನ್ನೇ ತಗೊಳ್ಳಲಿಕ್ಕೆ ಫಿಸಿಕ್ಸಿನವರಿಗೆ ಬಿಡುತ್ತಾರಾ ಅಂತ. ಗೈಡ್ ಒಪ್ಪದಿದ್ದರೂ ರಜೆಯಲ್ಲಿ ಅಜ್ಜನ ಜೊತೆ ಕೂತು, ಹಳೆಯ ಕಡತಗಳೆಲ್ಲ ಅಪ್ಪಯ್ಯನ ಟ್ರಂಕಿನಲ್ಲೇ ಇರಬೇಕು, ಅದರ ಬೀಗದ ಕೈ ಮಾತ್ರ